ಅಜ್ಜನ ಕಾಲದ ಹಿತ್ತಾಳೆ ತೋಟೆ, ಅಣ್ಣನ ಹೊಸ ಜೋಡುನಳಿಗೆ ರೈಫಲ್

ಪ್ರಶ್ನೆ: ಕಾರ್ಕಳ ತಾಲೂಕಿನ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: "ನಮ್ಮ ಅಜ್ಜ ಕಳಸದ ಕಡೆಯ ಕಾಫಿ ತೋಟವೊಂದರಲ್ಲಿ ಮ್ಯಾನೇಜರ್ ಆಗಿದ್ದರು. ಅವರ ಬಳಿ ಇದ್ದ .470 ಅಳತೆಯ ಜೋಡುನಳಿಗೆ ರೈಫಲನ್ನು ಅವರು ತೀರಿಕೊಂಡ ಮೇಲೆ, 1974ರಲ್ಲಿ, ಕಾನೂನು ಪ್ರಕಾರವೇ ಡೀಲರರ ಮೂಲಕ ಮಾರಲಾಯಿತು. ಈ ವರ್ಷ ಮಳೆಗಾಲಕ್ಕೆ ಮುಂಚೆ ಹಳೆ ಮನೆಯ ಮಾಡು ರಿಪೇರಿ ಮಾಡಿಸುವಾಗ ಹಟ್ಟಿಯ ಮೇಲಿನ ಅಟ್ಟದಲ್ಲಿ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿ ಬುಡಕ್ಕೆ 'ಕೈನಾಕ್' ಎಂಬ ಅಚ್ಚು ಇರುವ 46 ಹಿತ್ತಾಳೆ ತೋಟೆಗಳಿವೆ. 35 ಹಾರಿಸಿದ ಖಾಲಿ ತೋಟೆಗಳು, 11 ಗುಂಡು ಸಮೇತ ಇರುವವು. ದೊಡ್ಡಪ್ಪನ ಮಗ ಅಣ್ಣ ದಕ್ಷಿಣ ಆಫ್ರಿಕಾದಲ್ಲಿ ಬೇಟೆ ಫಾರ್ಮ್ ಒಂದನ್ನು ನೋಡಿಕೊಳ್ಳುತ್ತಾನೆ. ಕಳೆದ ವರ್ಷ ಅದೇ .470 ಅಳತೆಯ ಹೊಸ ಜೋಡುನಳಿಗೆ ರೈಫಲ್ ಕೊಂಡಿದ್ದಾನೆ, ಅಲ್ಲಿನ ಕಾನೂನಿನಂತೆ ತೋಟೆಗಳನ್ನು ತಾನೇ ಮರುತುಂಬಿಸಿಕೊಳ್ಳುತ್ತಾನೆ. ಹೊಸ ಹಿತ್ತಾಳೆ ಬಲು ದುಬಾರಿ, ಅಜ್ಜನದ್ದನ್ನು ಕಳುಹಿಸಿಕೊಡು ಎನ್ನುತ್ತಾನೆ. ಹಳೆಯ ಹಿತ್ತಾಳೆಯೇ ಗಟ್ಟಿ ಎಂದು ಅವನ ಸ್ನೇಹಿತರು ಹೇಳಿದ್ದಾರಂತೆ. ಹೊಸ ರೈಫಲಿನ ಒತ್ತಡಕ್ಕೆ ಹಳೆಯದು ಸಿಡಿಯುತ್ತದೆ ಎಂದು ಇಲ್ಲಿ ಇನ್ನೊಬ್ಬರು ಹೆದರಿಸಿದರು. ಈ ನಡುವೆ ಅಮ್ಮ ನಾಲ್ಕು ಖಾಲಿ ತೋಟೆಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದ್ದಾರೆ, ಚಿನ್ನದಂತೆ ಹೊಳೆಯುತ್ತಿವೆ. ಯಾರ ಮಾತು ನಿಜ? ಕಳುಹಿಸಬಹುದೇ?"

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಹೆಣೆದುಕೊಂಡಿವೆ. ಹಳೆಯ ಹಿತ್ತಾಳೆಗೆ ಬಲ ಉಳಿದಿದೆಯೇ, ಇಂದಿನ ರೈಫಲಿಗೆ ಅದು ಹೊಂದುತ್ತದೆಯೇ, ಮತ್ತು ಅದನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಹೊರದೇಶಕ್ಕೆ ಕಳುಹಿಸುವುದಕ್ಕೂ ನಿಮಗೆ ಅವಕಾಶವಿದೆಯೇ ಎಂಬುವು ಆ ಮೂರು. ಸೇನೆಯ ಯಂತ್ರೋಪಕರಣಗಳನ್ನು ನೋಡಿಕೊಳ್ಳುವ ಈಎಂಇ ವಿಭಾಗದಲ್ಲಿ ಶಸ್ತ್ರ ದುರಸ್ತಿಯ ಕೆಲಸ ಮಾಡಿ, ನಿವೃತ್ತನಾದ ಮೇಲೆ ಆರು ವರ್ಷ ತಾಂಜಾನಿಯಾದ ಆರುಷಾದಲ್ಲಿ ಬೇಟೆ ಬಂದೂಕುಗಳ ವರ್ಕ್‌ಶಾಪ್‌ನಲ್ಲಿದ್ದು, ಈಗ ಮಂಗಳೂರಿನಲ್ಲಿ ಪರವಾನಗಿದಾರರ ಕೋವಿಗಳನ್ನು ನೋಡಿಕೊಡುತ್ತಿರುವ ನನಗೆ ಈ ಮೂರರ ಪರಿಚಯವೂ ಇದೆ. ಆದರೆ ಅವುಗಳಿಗಿಂತ ಮೊದಲು ಆ 11 ತುಂಬಿದ ತೋಟೆಗಳ ವಿಷಯ ಮುಗಿಸಬೇಕು, ಏಕೆಂದರೆ ಅದು ಕಾಯುವ ವಿಷಯವಲ್ಲ.

ಅವುಗಳನ್ನು ಇನ್ನು ಮುಟ್ಟಬೇಡಿ. ಗುಂಡನ್ನು ಇಕ್ಕಳದಿಂದ ಕಿತ್ತು ಹಿತ್ತಾಳೆಯನ್ನು ಉಳಿಸಿಕೊಳ್ಳುವ ಯೋಚನೆ ಅಣ್ಣನಿಗೋ ನಿಮಗೋ ಬಂದಿದ್ದರೆ ಅದನ್ನು ಇಲ್ಲಿಗೇ ಬಿಡಿ. ಆ ಕಾಲದ ಕೈನಾಕ್ ಎಂಬ ಬ್ರಿಟಿಷ್ ಕಂಪೆನಿಯ ತೋಟೆಗಳೊಳಗೆ ಇರುವುದು ಸಾಮಾನ್ಯವಾಗಿ ಕಾರ್ಡೈಟ್, ಅಂದರೆ ಶ್ಯಾವಿಗೆಯ ಎಳೆಗಳಂತೆ ಉದ್ದುದ್ದ ಜೋಡಿಸಿಟ್ಟ, ನೈಟ್ರೋಗ್ಲಿಸರಿನ್ ಮತ್ತು ನೈಟ್ರೋಸೆಲ್ಯುಲೋಸ್ ಸೇರಿಸಿ ಮಾಡಿದ ಮದ್ದು. ನೈಟ್ರೋಸೆಲ್ಯುಲೋಸ್ ತನ್ನಷ್ಟಕ್ಕೆ ನಿಧಾನವಾಗಿ ಒಡೆಯುತ್ತಾ ಆಮ್ಲದ ಅನಿಲವನ್ನು ಬಿಡುವ ವಸ್ತು. ಬಿಸಿ ಹೆಚ್ಚಾದಷ್ಟೂ ಆ ಒಡೆಯುವಿಕೆಯ ವೇಗ ಹೆಚ್ಚುತ್ತದೆ. ಮಾರ್ಚ್‌ನಿಂದ ಮೇ ತನಕ ಹಂಚಿನ ಮಾಡಿನ ಕೆಳಗಿನ ಅಟ್ಟ ಎಷ್ಟು ಕಾಯುತ್ತದೆ ಎಂಬುದು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾದ್ದಲ್ಲ, ಮತ್ತು ಅಂಥ ಐವತ್ತು ಬೇಸಿಗೆಗಳನ್ನು ಈ ಮದ್ದು ಅಲ್ಲಿಯೇ ಕಳೆದಿದೆ. ಅದು ಈಗ ಹಾರುತ್ತದೆಯೋ, ಅರೆಬರೆ ಉರಿದು ಗುಂಡನ್ನು ನಳಿಗೆಯ ನಡುವೆಯೇ ನಿಲ್ಲಿಸುತ್ತದೆಯೋ, ಅಥವಾ ಒತ್ತಡ ಅಳತೆ ಮೀರುತ್ತದೆಯೋ ಎಂಬುದನ್ನು ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದ, ಒಲೆಯಿಂದಲೂ ಬಿಸಿಲಿನಿಂದಲೂ ದೂರವಿರುವ ತಣ್ಣನೆಯ ಮೂಲೆಯಲ್ಲಿಟ್ಟು ಬೀಗ ಹಾಕಿ. ಮುಂದೇನು ಮಾಡಬೇಕೆಂಬುದನ್ನು ಕಾನೂನಿನ ಮಾತು ಬಂದಾಗ ಹೇಳುತ್ತೇನೆ.

ಇನ್ನು ಹಿತ್ತಾಳೆಯ ಬಲದ ಪ್ರಶ್ನೆ. 'ಹಳೆಯ ಹಿತ್ತಾಳೆಯೇ ಗಟ್ಟಿ' ಎಂಬ ಮಾತು ನಮ್ಮ ಕಿವಿಗೆ ಹಿತವಾಗಿ ಕೇಳಿಸುವುದಕ್ಕೆ ಕಾರಣವಿದೆ. ಅಜ್ಜಿಯ ಕಾಲದ ಹಂಡೆ, ಕೊಡಪಾನಗಳು ನಾಲ್ಕು ತಲೆಮಾರು ಬಾಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಕೊಡಪಾನಕ್ಕೂ ತೋಟೆಗೂ ಲೋಹದ ಹೆಸರೊಂದೇ ಸಮಾನ. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಆ ತಗಡಿನ ಬಿಲ್ಲೆಯನ್ನು ಅಚ್ಚಿಗೆ ಹಾಕಿ ಹಂತಹಂತವಾಗಿ ಉದ್ದಕ್ಕೆ ಎಳೆದು, ನಡುನಡುವೆ ಕಾಯಿಸಿ ಮೆದುಮಾಡಿ, ಕೊನೆಗೆ ಬುಡವನ್ನು ಗಡುಸಾಗಿಯೂ ಬಾಯಿಯನ್ನು ಮೆದುವಾಗಿಯೂ ಉಳಿಸುತ್ತಾರೆ. ಕೋವಿಯ ಕುದುರೆ (ಟ್ರಿಗರ್) ಎಳೆದ ಕ್ಷಣದಲ್ಲಿ ಬಾಯಿಯ ಭಾಗ ಹಿಗ್ಗಿ ಚೇಂಬರಿನ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗದ, ಗೋಡೆಗೆ ಅಂಟಿಕೊಂಡು ಬಿಸಿ ಅನಿಲ ಹಿಂದಕ್ಕೆ ಬಾರದಂತೆ ಮುಚ್ಚಬೇಕು, ಒತ್ತಡ ಇಳಿದ ಕೂಡಲೇ ತುಸು ಕುಗ್ಗಿ ಗೋಡೆಯನ್ನು ಬಿಡಬೇಕು. .470ರಲ್ಲಿ ಈ ಒತ್ತಡ ಚದರ ಇಂಚಿಗೆ 35,000 ಪೌಂಡ್‌ನ ಆಸುಪಾಸಿನದು. ಇಂದಿನ .375 ಮ್ಯಾಗ್ನಮ್‌ನಂಥ ಬೋಲ್ಟ್ (ಹಿಡಿ ತಿರುಗಿಸಿ ಎಳೆದು ತೋಟೆ ಹಾಕುವ) ರೈಫಲಿನ ತೋಟೆಗಳಲ್ಲಿ 60,000 ದಾಟುವ ಒತ್ತಡಕ್ಕೆ ಹೋಲಿಸಿದರೆ ಇದು ಕಡಿಮೆಯೇ, ಮತ್ತು ಬೇಕೆಂದೇ ಕಡಿಮೆ ಇಟ್ಟದ್ದು, ಯಾಕೆಂದರೆ ಈ ತೋಟೆಗಳು ಹುಟ್ಟಿದ್ದೇ ಭಾರತ, ಆಫ್ರಿಕಾಗಳ ಸೆಖೆಗಾಗಿ. ಹಳೆಯ ಕಾರ್ಡೈಟ್‌ಗೆ ಬಿಸಿ ಏರಿದರೆ ಒತ್ತಡವೂ ಏರುವ ಗುಣವಿತ್ತು. ಹೊಸ ರೈಫಲಿನಲ್ಲಿ ಈ ಒತ್ತಡ ಹೆಚ್ಚಾಗುವುದಿಲ್ಲ, ಒತ್ತಡವನ್ನು ನಿರ್ಧರಿಸುವುದು ತೋಟೆಯೊಳಗಿನ ಮದ್ದು, ಗುಂಡು, ಒಳಜಾಗ ಮತ್ತು ಚೇಂಬರಿನ ಅಳತೆ. ಆದ್ದರಿಂದ ಹೊಸ ರೈಫಲ್ ಎಂಬ ಒಂದೇ ಕಾರಣಕ್ಕೆ ಹಳೆಯ ತೋಟೆ ಸಿಡಿಯುತ್ತದೆ ಎಂದು ನಿಮ್ಮನ್ನು ಹೆದರಿಸಿದವರ ಮಾತು ತಪ್ಪು. ಹಳೆಯದೇ ಗಟ್ಟಿ ಎಂದವರ ಮಾತೂ ಅಷ್ಟೇ ತಪ್ಪು. ಹಿತ್ತಾಳೆಗೆ ವಯಸ್ಸಾಗುವುದೇ ಕೇಡಲ್ಲ. ಒಣ ಜಾಗದಲ್ಲಿ, ಹಾರಿಸದೆ, ಕಾಗದದ ಪೊಟ್ಟಣದೊಳಗೆ ಕಾಪಾಡಿದ ಖಾಲಿ ಹಿತ್ತಾಳೆ ಐವತ್ತು ವರ್ಷ ಕಳೆದರೂ ಹೆಚ್ಚೇನೂ ಬದಲಾಗುವುದಿಲ್ಲ. ಆ ವರ್ಷಗಳನ್ನು ಅದು ಎಲ್ಲಿ, ಹೇಗೆ ಕಳೆಯಿತು ಎಂಬುದರಲ್ಲಿ ಎಲ್ಲವೂ ಇದೆ, ಮತ್ತು ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು 'ಹಟ್ಟಿಯ ಮೇಲಿನ ಅಟ್ಟ' ಎಂಬ ಮೂರು ಪದಗಳು.

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಅವರ ಸೇನೆಗೆ ಒಂದು ವಿಚಿತ್ರ ತೊಂದರೆ ಕಾಡಿತ್ತು. ಬೇಸಿಗೆಯಲ್ಲಿ ಸರಿಯಾಗಿಯೇ ಇದ್ದ ಹಿತ್ತಾಳೆ ತೋಟೆಗಳು ಮಳೆಗಾಲ ಬಂದಾಗ, ಯಾರೂ ಮುಟ್ಟದೆ, ಇಟ್ಟಲ್ಲಿಯೇ ಸೀಳುಬಿಡುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಈ ಬಿರುಕಿಗೆ ಅವರು 'ಸೀಸನ್ ಕ್ರ್ಯಾಕಿಂಗ್' ಎಂದು ಹೆಸರಿಟ್ಟರು. ಕಾರಣ ಖಚಿತವಾಗಿ ಗೊತ್ತಾದದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು ಅದನ್ನು ವಿವರಿಸಿದಾಗ. ಮಳೆಗಾಲದಲ್ಲಿ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು, ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯೊಂದಿಗೆ ಸೇರಿ ಹಿತ್ತಾಳೆಯೊಳಗಿನ ತಾಮ್ರವನ್ನು ಕರಗಿಸುತ್ತಿತ್ತು. ಅಚ್ಚಿನಲ್ಲಿ ಎಳೆದು ಮಾಡಿದ ತೋಟೆಯ ಗೋಡೆಯೊಳಗೆ ಬಿಗಿತವೊಂದು ಉಳಿದುಕೊಂಡಿರುತ್ತದೆ. ಆ ಬಿಗಿತ, ಅಮೋನಿಯಾ ಮತ್ತು ತೇವ, ಈ ಮೂರೂ ಒಟ್ಟಿಗೆ ಸಿಕ್ಕಿದರೆ ಲೋಹದ ಕಣಗಳ ನಡುವಿನ ಸಂದುಗಳಲ್ಲಿ ಬಿರುಕು ಹರಿಯುತ್ತದೆ. ಗುಂಡು ಕೂರಿಸಿದ ತೋಟೆಯ ಕೊರಳು ಸದಾ ಹಿಗ್ಗಿದ ಸ್ಥಿತಿಯಲ್ಲೇ ಇರುವುದರಿಂದ ಬಿರುಕು ಹೆಚ್ಚಾಗಿ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

ಈಗ ನಿಮ್ಮ ಮನೆಯನ್ನು ನೆನೆದುಕೊಳ್ಳಿ. ಕುದುರೆಯ ಬದಲು ದನ, ಲಾಯದ ಬದಲು ಹಟ್ಟಿ. ಕೆಳಗಿನಿಂದ ಗಂಜಳದ ಘಾಟು, ಹೊರಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ಕಾರ್ಕಳದ ಮಳೆ. ಘಟ್ಟದ ಬುಡದ ಆ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಕಾಗದವೂ ಬೂಸಲು ಹಿಡಿಯುತ್ತದೆ. ಆ ಮೂರೂ ಶರತ್ತುಗಳನ್ನು ಯಾರೋ ಬೇಕೆಂದೇ ಒದಗಿಸಿಕೊಟ್ಟಂತಿದೆ. ನಿಮ್ಮ 35 ಖಾಲಿ ತೋಟೆಗಳಲ್ಲಿ ಎಲ್ಲವೂ ಬಿರುಕು ಬಿಟ್ಟಿವೆ ಎಂದು ನಾನು ಹೇಳುತ್ತಿಲ್ಲ. ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿದ್ದಿರಬಹುದು, ಹಟ್ಟಿಯಲ್ಲಿ ದನ ಇಲ್ಲದೆಯೇ ಹಲವು ವರ್ಷ ಕಳೆದಿರಬಹುದು. ಆದರೆ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಇರುವ ಸಂಭವ ಇಲ್ಲಿ ನಿಜವಾದದ್ದು. ಕಡಲ ಗಾಳಿಯ ಉಪ್ಪು ತೇವದೊಡನೆ ಸೇರಿ ಮಾಡುವ ಕೆಡುಕು ಇನ್ನೊಂದು. ಹಿತ್ತಾಳೆಯಿಂದ ಸತು ಮಾತ್ರ ಕರಗಿಹೋಗಿ, ತೂತುತೂತಾದ ತಾಮ್ರ ಅಷ್ಟೇ ಉಳಿಯುತ್ತದೆ. ಅಂಥ ಜಾಗ ತಿಕ್ಕಿದ ಮೇಲೂ ಹಳದಿಯಾಗದೆ ನಸುಗೆಂಪಾಗಿ ಉಳಿದುಬಿಡುತ್ತದೆ. ಕಂದು ಬಣ್ಣದ ಹಳೆತನಕ್ಕೆ ಹೆದರಬೇಕಿಲ್ಲ, ಹಸಿರು ಕಿಲುಬಿನ ಕೆಳಗೆ ಗುಳಿ ಇದೆಯೇ ಎಂದು ನೋಡಬೇಕು, ಕೆಂಪು ಕಲೆ ಕಂಡ ತೋಟೆಯನ್ನು ಮಾತ್ರ ಬೇರೆ ವಿಚಾರವಿಲ್ಲದೆ ಬದಿಗಿಡಬೇಕು.

ಇದಕ್ಕಿಂತಲೂ ನಾನು ಹೆಚ್ಚು ಹೆದರುವುದು ಪಾದರಸಕ್ಕೆ. ತೋಟೆಯ ಬುಡದಲ್ಲಿ ಕೂರುವ, ಸೂಜಿ ಬಡಿದಾಗ ಕಿಡಿ ಹುಟ್ಟಿಸುವ ಪುಟ್ಟ ಕೇಪಿನಲ್ಲಿ ಆ ಕಾಲದಲ್ಲಿ ಬಳಸುತ್ತಿದ್ದ ಕಿಡಿಮದ್ದುಗಳಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಕರಿಮದ್ದಿನ ದಿನಗಳಲ್ಲಿ ಮಸಿ ಯಥೇಚ್ಛವಾಗಿ ಬೀಳುತ್ತಿದ್ದುದರಿಂದ ಪಾದರಸ ಅದರಲ್ಲಿ ಬೆರೆತು ಹೋಗಿ ಹಿತ್ತಾಳೆಗೆ ಅಷ್ಟಾಗಿ ತಾಗುತ್ತಿರಲಿಲ್ಲ. ಹೊಗೆಯಿಲ್ಲದ ಮದ್ದು ಬಂದ ಮೇಲೆ ಮಸಿ ಕಡಿಮೆಯಾಯಿತು, ಹಾರಿಸಿದ ಪ್ರತಿ ಸಲವೂ ಪಾದರಸದ ಆವಿ ನೇರವಾಗಿ ಹಿತ್ತಾಳೆಯ ಒಳಮೈಗೆ ತಾಗಿ ಅದರ ಕಣಗಳ ಸಂದಿಗೆ ಇಳಿಯತೊಡಗಿತು. ಹೀಗಾದ ತೋಟೆ ಹೊರಗಿನಿಂದ ಹೊಸದರಂತೆಯೇ ಹೊಳೆಯುತ್ತದೆ, ಅಳತೆಯಲ್ಲಿ ಕೂದಲಷ್ಟೂ ವ್ಯತ್ಯಾಸವಿರುವುದಿಲ್ಲ, ಆದರೆ ಒಳಗಿನಿಂದ ಅದು ಪೆಡಸಾಗಿರುತ್ತದೆ. ತೊಳೆದರೆ, ತಿಕ್ಕಿದರೆ, ಕಾಯಿಸಿ ಮೆದುಮಾಡಿದರೆ ಈ ದೋಷ ಹೋಗುವುದಿಲ್ಲ.

ಆರುಷಾದಲ್ಲಿದ್ದಾಗ ಒಬ್ಬರು ಹೊಸ ಜೋಡುನಳಿಗೆ ರೈಫಲ್ ಮತ್ತು ತಂದೆಯಿಂದ ಬಂದ ಇಪ್ಪತ್ತೆಂಟು ಹಳೆಯ ಹಿತ್ತಾಳೆಗಳೊಂದಿಗೆ ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಗುರಿ ಅಭ್ಯಾಸದ ಬಯಲಿನಲ್ಲಿ ಮೂರನೆಯ ಸುತ್ತು ಹಾರಿಸಿ ಕೋವಿಯನ್ನು ಮಡಚಿ ತೆರೆದಾಗ, ಬಲ ನಳಿಗೆಯಿಂದ ಹೊರಗೆ ಬಿದ್ದದ್ದು ತೋಟೆಯ ಬುಡ ಮಾತ್ರ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ತುಂಡು. ಉಳಿದ ಕೊಳವೆ ಚೇಂಬರಿನೊಳಗೆ ಹಾಗೆಯೇ ಕುಳಿತಿತ್ತು. ಮುಂದಿನ ತೋಟೆ ಒಳಗೆ ಹೋಗಲು ಜಾಗವಿಲ್ಲ, ಅಂದರೆ ಆ ನಳಿಗೆ ಆ ದಿನಕ್ಕೆ ಮುಗಿದಂತೆ. ಎದುರಿಗೆ ಇದ್ದದ್ದು ಕಾಗದದ ಗುರಿಯಾದ್ದರಿಂದ ಏನೂ ಆಗಲಿಲ್ಲ, ಗಾಯಗೊಂಡ ಕಾಡೆಮ್ಮೆ ಇದ್ದಿದ್ದರೆ ಆ ಮನುಷ್ಯ ಮನೆಗೆ ಮರಳುತ್ತಿರಲಿಲ್ಲ. ಉಳಿದ ಹಿತ್ತಾಳೆಗಳಲ್ಲಿ ಹಾರಿಸಿಯಾಗಿದ್ದ ಒಂದನ್ನು ನಾನು ವೈಸಿಗೆ ಹಾಕಿ ಉದ್ದಕ್ಕೆ ಗರಗಸದಲ್ಲಿ ಕೊಯ್ದೆ. ಒಳಗೋಡೆಯಲ್ಲಿ, ಬುಡದ ದಪ್ಪ ಮುಗಿದು ಗೋಡೆ ತೆಳುವಾಗುವ ಕಡೆ, ಉಗುರಿಗೆ ತಾಗುವಂಥ ಉಂಗುರದ ಗೆರೆಯೊಂದು ಸುತ್ತಲೂ ಹರಿದಿತ್ತು. ಇನ್ನೊಂದರ ಬಾಯಿಯನ್ನು ಇಕ್ಕಳದಲ್ಲಿ ಹಿಡಿದು ಹಿಸುಕಿದೆ. ಒಳ್ಳೆಯ ಹಿತ್ತಾಳೆಯಾದರೆ ಅದು ಎಲೆಯಂತೆ ಮಡಚಿಕೊಳ್ಳಬೇಕಿತ್ತು. ಅದು ಹಪ್ಪಳದ ಹಾಗೆ ಟಪ್ಪನೆ ಮುರಿದು, ಮೂರು ಚೂರುಗಳಾಗಿ ಮೇಜಿನ ಮೇಲೆ ಬಿತ್ತು. ಮುರಿದ ಅಂಚು ಬೂದು ಬಣ್ಣಕ್ಕೆ ತಿರುಗಿತ್ತು. ಹೊರಮೈ ಮಾತ್ರ ಆಗಷ್ಟೇ ಪಾಲಿಶ್ ಆದಂತೆ ಥಳಥಳಿಸುತ್ತಿತ್ತು.

ಅಜ್ಜ ಹಾರಿಸಿದ ನಿಮ್ಮ 35 ತೋಟೆಗಳ ಕೇಪಿನಲ್ಲಿ ಪಾದರಸ ಇತ್ತೋ ಇಲ್ಲವೋ ಎಂಬುದಕ್ಕೆ ಅಚ್ಚು ಸಾಕ್ಷಿ ಹೇಳುವುದಿಲ್ಲ. ಕೈನಾಕ್‌ನ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆ ಈ ದೊಡ್ಡ ರೈಫಲ್ ತೋಟೆಗಳನ್ನು ಮಾಡುವುದನ್ನು ನಿಲ್ಲಿಸಿದ್ದು 1970ರ ಹೊತ್ತಿಗೆ. ಅದಕ್ಕೆ ಮುಂಚಿನ ಯಾವುದೋ ದಶಕದ್ದು ಎಂದಷ್ಟೇ ಹೇಳಬಹುದು. ಮೂಲ ಪೊಟ್ಟಣ ಸಿಕ್ಕಿ ಅದರ ಮೇಲೆ ಪಾದರಸರಹಿತ ಎಂಬ ಮುದ್ರೆ ಇದ್ದರೆ ಅದೊಂದು ಆಧಾರ. ಪೊಟ್ಟಣವಿಲ್ಲದೆ ಬಿಡಿಯಾಗಿ ಸಿಕ್ಕ ಹಾರಿಸಿದ ಹಿತ್ತಾಳೆಯನ್ನು ನಾನು ಪಾದರಸ ತಿಂದದ್ದೆಂದೇ ಎಣಿಸುತ್ತೇನೆ. ಈ ಲೆಕ್ಕದಲ್ಲಿ ನಾಲ್ಕು ಒಳ್ಳೆಯ ತೋಟೆ ವ್ಯರ್ಥವಾದರೂ ಚಿಂತೆಯಿಲ್ಲ.

ಹಿತ್ತಾಳೆ ಹೇಗೂ ಗಟ್ಟಿಯಾಗಿಯೇ ಉಳಿದಿದೆ ಎಂದೇ ಇಟ್ಟುಕೊಳ್ಳೋಣ, ಆಗಲೂ ಅಣ್ಣನಿಗೆ ಎದುರಾಗುವ ಮೊದಲ ತೊಡಕು ಕೇಪಿನದು. ಇಂದಿನ ಹಿತ್ತಾಳೆಗಳು ಬಹುಪಾಲು ಬಾಕ್ಸರ್ ಮಾದರಿಯವು. ಅವುಗಳ ಬುಡದ ನಡುವೆ ಒಂದೇ ತೂತು ಇರುತ್ತದೆ, ಕಿಡಿ ಹುಟ್ಟಿಸುವ ಅಡಿಗಲ್ಲು ಕೇಪಿನೊಳಗೇ ಇರುತ್ತದೆ, ಸೂಜಿಯಿಂದ ಹಳೆಯ ಕೇಪನ್ನು ತಳ್ಳಿ ಹೊಸದನ್ನು ಕೂರಿಸಬಹುದು. ಹಳೆಯ ಬ್ರಿಟಿಷ್ ಹಿತ್ತಾಳೆಗಳು ಬರ್ಡನ್ ಮಾದರಿಯವು. ಅಡಿಗಲ್ಲು ಹಿತ್ತಾಳೆಯ ಭಾಗವೇ ಆಗಿರುತ್ತದೆ, ಅದರ ಬದಿಗಳಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಸೂಜಿ ತಳ್ಳಿದರೆ ಅದು ಅಡಿಗಲ್ಲಿಗೆ ಬಡಿದು ಮುರಿಯುತ್ತದೆ. ಬಾಕ್ಸರ್ ಇಂಗ್ಲಿಷ್ ಸೇನಾಧಿಕಾರಿ, ಬರ್ಡನ್ ಅಮೆರಿಕದವರು, ಆದರೂ ಅಮೆರಿಕ ಬಾಕ್ಸರನ ಕೇಪನ್ನು ಅಪ್ಪಿಕೊಂಡಿತು, ಬ್ರಿಟನ್ ಬರ್ಡನ್ನನದ್ದನ್ನು. ಹಳೆಯ ದೊಡ್ಡ ಅಳತೆಯ ಬರ್ಡನ್ ಕೇಪುಗಳು ಇಂದು ಸಿಗುವುದೇ ಅಪರೂಪ. ಬುಡವನ್ನು ಕೊರೆದು ಬಾಕ್ಸರ್ ಕೇಪಿಗೆ ಹೊಂದಿಸುವವರಿದ್ದಾರೆ. ತೋಟೆಯಲ್ಲಿ ಅತಿ ಹೆಚ್ಚು ಬಲ ಬೇಕಾದ ಜಾಗವನ್ನೇ ಕೊರೆಯುವ ಆ ಕೆಲಸವನ್ನು ನಾನು ಯಾರಿಗೂ ಮಾಡಿಕೊಟ್ಟಿಲ್ಲ.

ಮುಂದಿನದು ರೈಫಲ್ ಹೊಸದು ಎಂಬುದರಿಂದಲೇ ಹುಟ್ಟುವ ತೊಡಕು. 1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ ಭಾರತಕ್ಕೆ .450 ಅಳತೆಯ ತೋಟೆಗಳು ಬರುವುದನ್ನು ನಿಷೇಧಿಸಿತು. ಆ ಗುಂಡುಗಳು ಬಂಡಾಯಗಾರರ ಕೈಯಲ್ಲಿದ್ದ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಒದಗಬಾರದೆಂಬುದು ಅದರ ಉದ್ದೇಶ. ಆಗ ಇಂಗ್ಲೆಂಡಿನ ಬಂದೂಕು ತಯಾರಕರು ಒಬ್ಬೊಬ್ಬರೂ ಒಂದೊಂದು ಬದಲಿ ಅಳತೆಯನ್ನು ಚಲಾವಣೆಗೆ ತಂದರು. ಅವುಗಳಲ್ಲಿ ಹೆಚ್ಚು ಜನಪ್ರಿಯವಾದದ್ದು ಜೋಸೆಫ್ ಲ್ಯಾಂಗ್‌ನ .470. ಅಂದು ಚೇಂಬರುಗಳನ್ನು ಒಬ್ಬೊಬ್ಬ ಕುಶಲಕರ್ಮಿ ತನ್ನ ಉಪಕರಣದ ಅಳತೆಗೆ ಕೊರೆಯುತ್ತಿದ್ದ. ಇಂದಿನ ಯುರೋಪಿನ ರೈಫಲುಗಳನ್ನು ಸಿಐಪಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಗದಿತ ಅಳತೆಗೆ ಬಿಗಿಯಾಗಿ ಮಾಡುತ್ತಾರೆ. ಅಜ್ಜನ ರೈಫಲಿನಲ್ಲಿ ಹಾರಿಸಿದ ಹಿತ್ತಾಳೆ ಅಜ್ಜನ ಚೇಂಬರಿನ ಅಳತೆಗೆ ಹಿಗ್ಗಿರುತ್ತದೆ. ಅದನ್ನು ಅಣ್ಣನ ಚೇಂಬರಿಗೆ ಇಳಿಸಲು ಅಚ್ಚಿನಲ್ಲಿ ಪೂರ್ತಿ ಹಿಂಡಬೇಕು, ಹಾಗೆ ಹಿಂಡಿದಷ್ಟೂ ಹಿತ್ತಾಳೆ ಗಡುಸಾಗುತ್ತಾ ಹೋಗುತ್ತದೆ. ತೋಟೆಯ ಬುಡದ ಅಂಚು ಕೂಡ ತಯಾರಕರಿಂದ ತಯಾರಕರಿಗೆ ದಪ್ಪ-ತೆಳು ಇರುತ್ತದೆ. ಜೋಡುನಳಿಗೆ ರೈಫಲಿನಲ್ಲಿ ತೋಟೆ ಆ ಅಂಚಿನ ಆಧಾರದಲ್ಲೇ ನಿಲ್ಲುವುದರಿಂದ, ಅಂಚು ತೆಳುವಾದರೆ ಹಾರುವಾಗ ತೋಟೆ ಹಿಂದಕ್ಕೆ ಜಾರಿ ಗೋಡೆ ಎಳೆಯಲ್ಪಡುತ್ತದೆ. ನಾನು ಆರುಷಾದಲ್ಲಿ ಕಂಡ ಉಂಗುರದ ಗೆರೆ ಮೂಡುವುದು ಹೀಗೆಯೇ. ಅಂಚು ದಪ್ಪವಾದರೆ ಕೋವಿ ಮುಚ್ಚುವುದೇ ಇಲ್ಲ, ಬಲವಂತವಾಗಿ ಮುಚ್ಚಿದವರು ಬಿಜಾಗರಿಯನ್ನೇ ಹಾಳುಮಾಡಿಕೊಂಡದ್ದನ್ನು ನೋಡಿದ್ದೇನೆ.

ಇದರ ಮೇಲೆ ಎರಡು ನಳಿಗೆಗಳ ಹೊಂದಾಣಿಕೆಯ ಪ್ರಶ್ನೆ ಇದೆ, ಮತ್ತು ಇದನ್ನು ಅಣ್ಣನಿಗೆ ಬಿಡಿಸಿ ಹೇಳಿ. ಜೋಡುನಳಿಗೆ ರೈಫಲಿನ ಎರಡೂ ನಳಿಗೆಗಳು ಒಂದೇ ಗುರಿಗೆ ಹೊಡೆಯುವಂತೆ ತಯಾರಕರು ಒಂದು ನಿರ್ದಿಷ್ಟ ಗುಂಡಿಗೂ ವೇಗಕ್ಕೂ ಅವುಗಳನ್ನು ಹೊಂದಿಸಿ ಬೆಸೆದಿರುತ್ತಾರೆ. .470ರಲ್ಲಿ ಅದು ಸಾಮಾನ್ಯವಾಗಿ 500 ಗ್ರೇನ್ (ಸುಮಾರು 32 ಗ್ರಾಂ) ತೂಕದ ಗುಂಡು, ಸೆಕೆಂಡಿಗೆ 2,150 ಅಡಿ ವೇಗ. ಗುಂಡು ನಳಿಗೆಯೊಳಗೆ ಇರುವಾಗಲೇ ಕೋವಿ ಒದೆಯತೊಡಗುತ್ತದೆ, ಬಲ ನಳಿಗೆ ಬಲಕ್ಕೂ ಎಡ ನಳಿಗೆ ಎಡಕ್ಕೂ ತುಸು ತಿರುಗುತ್ತದೆ, ಆ ತಿರುಗುವಿಕೆಯನ್ನು ಲೆಕ್ಕ ಹಾಕಿಯೇ ನಳಿಗೆಗಳನ್ನು ಒಳಮುಖವಾಗಿ ಬೆಸೆದಿರುವುದು. ಗುಂಡು ನಿಧಾನವಾದರೆ ಅದು ನಳಿಗೆಯಲ್ಲಿ ಹೆಚ್ಚು ಹೊತ್ತು ಉಳಿದು, ಎರಡು ಗುಂಡುಗಳು ದೂರದೂರ ಬೀಳುತ್ತವೆ, ವೇಗ ಹೆಚ್ಚಿದರೆ ಒಂದನ್ನೊಂದು ದಾಟಿ ಅಡ್ಡ ಬೀಳುತ್ತವೆ. ಹಳೆಯ ಹಿತ್ತಾಳೆಯ ಗೋಡೆಯ ದಪ್ಪವೂ ಒಳಜಾಗವೂ ಹೊಸದಕ್ಕಿಂತ ಬೇರೆಯಾದ್ದರಿಂದ ಅದೇ ತೂಕದ ಮದ್ದು ಅದರಲ್ಲಿ ಬೇರೆಯೇ ಒತ್ತಡವನ್ನೂ ಬೇರೆಯೇ ವೇಗವನ್ನೂ ಕೊಡುತ್ತದೆ. ಒಂದು ನಳಿಗೆಯಲ್ಲಿ ಅಜ್ಜನ ಹಿತ್ತಾಳೆ, ಇನ್ನೊಂದರಲ್ಲಿ ಹೊಸದು ಹಾಕಿದರೆ ಲಕ್ಷಗಟ್ಟಲೆ ಕೊಟ್ಟು ಕೊಂಡ ಹೊಂದಾಣಿಕೆಯನ್ನು ಕೈಯಾರೆ ಕೆಡಿಸಿಕೊಂಡಂತೆ.

ಬೋಲ್ಟ್ ರೈಫಲಿನಲ್ಲಿ ಅಂಟಿಕೊಂಡ ತೋಟೆಯನ್ನು ಬೋಲ್ಟಿನ ತಿರುಪಿನ ಬಲದಿಂದ ಕೀಳಬಹುದು. ಮಡಚುವ ಕೋವಿಯಲ್ಲಿ ಅಂಥ ಬಲವಿಲ್ಲ, ತೋಟೆ ತಾನಾಗಿಯೇ ಗೋಡೆ ಬಿಟ್ಟರೆ ಮಾತ್ರ ಹೊರಬರುತ್ತದೆ. ಮೊದಲ ನಳಿಗೆ ಒದ್ದಾಗ ಎರಡನೆಯ ನಳಿಗೆಯ ತೋಟೆಯೊಳಗಿನ ಗುಂಡು ಮುಂದಕ್ಕೆ ಜಾರದಂತೆ ಹಿತ್ತಾಳೆಯ ಬಾಯಿ ಅದನ್ನು ಬಿಗಿಯಾಗಿ ಕಚ್ಚಿ ಹಿಡಿದಿರಬೇಕು. ಪೆಡಸಾದ ಬಾಯಿ ಕಚ್ಚುವ ಬದಲು ಸೀಳುತ್ತದೆ. ಬಾಯಿ ಸೀಳುವುದು ಅಷ್ಟು ದೊಡ್ಡ ಅಪಾಯವಲ್ಲ, ಬುಡ ಕಳಚುವುದು ದೊಡ್ಡದು, ಆದರೆ ಅಪಾಯದ ಪ್ರಾಣಿಯ ಎದುರು ಎರಡನೆಯ ಗುಂಡು ಬೇಕೆಂದೇ ಈ ಕೋವಿಯನ್ನು ಹಿಡಿಯುವವರಿಗೆ ಎರಡೂ ಒಂದೇ.

ಹಾಗಾದರೆ ಅಣ್ಣನಿಗೆ ಇರುವ ದಾರಿಗಳೇನು? ನನ್ನ ಸಲಹೆ, ನಾರ್ಮಾ ಅಥವಾ ಹಾರ್ನಡಿಯಂಥ ತಯಾರಕರ ಹೊಸ .470 ಹಿತ್ತಾಳೆಯನ್ನು ಒಂದೇ ಗುಂಪಿನಿಂದ ಐವತ್ತರಷ್ಟು ಕೊಳ್ಳುವುದು. ದುಬಾರಿ ಎಂಬುದು ನಿಜ. ಆದರೆ ಈ ಒತ್ತಡದಲ್ಲಿ ಚೆನ್ನಾಗಿ ನೋಡಿಕೊಂಡ ಒಂದು ಹಿತ್ತಾಳೆಯನ್ನು ಹಲವು ಸಲ ತುಂಬಿಸಬಹುದು, ಬೇಟೆ ಫಾರ್ಮಿನಲ್ಲಿರುವವರೂ ಈ ಕೋವಿಯಿಂದ ವರ್ಷಕ್ಕೆ ಹಾರಿಸುವ ಸುತ್ತುಗಳು ಹೆಚ್ಚಿರುವುದಿಲ್ಲ. ಹಳೆಯ ಹಿತ್ತಾಳೆಯನ್ನು ಬಳಸಲೇಬೇಕೆಂದಿದ್ದರೆ ಅದು ಬಾಕ್ಸರ್ ಮಾದರಿಯದ್ದಾಗಿರಬೇಕು, ಎಂದೂ ಹಾರಿಸದ್ದಾಗಿರಬೇಕು, ಯಾರ ಮನೆಯಲ್ಲಿ ಹೇಗಿತ್ತು ಎಂಬುದು ಖಚಿತವಾಗಿ ಗೊತ್ತಿರಬೇಕು. ಅಂಥದ್ದಾದರೆ ಗುಂಪಿನಲ್ಲಿ ಒಂದನ್ನು ಕೊಯ್ದು ನೋಡಿ, ಉಳಿದವುಗಳ ಒಳಗೋಡೆಯನ್ನು ತುದಿ ಬಗ್ಗಿಸಿದ ತೆಳು ತಂತಿಯಿಂದ ಕೆರೆದು ಉಂಗುರದ ಗೆರೆ ತಾಗುತ್ತದೆಯೇ ಎಂದು ಪರೀಕ್ಷಿಸಿ, ನೀರು ತುಂಬಿಸಿ ತೂಗಿ ಒಳಜಾಗವನ್ನು ಹೊಸದರೊಂದಿಗೆ ಹೋಲಿಸಿ, ಅವುಗಳಿಗೆ ಪ್ರತ್ಯೇಕವಾಗಿ ಕಡಿಮೆ ಮದ್ದಿನಿಂದಲೇ ಶುರುಮಾಡಿ, ಗುರಿ ಅಭ್ಯಾಸಕ್ಕೆ ಮಾತ್ರ ಬಳಸಬಹುದು. ಎಮ್ಮೆ, ಆನೆಯ ಎದುರಿಗೆ ಅದನ್ನು ಒಯ್ಯುವುದಕ್ಕೆ ನಾನು ಒಪ್ಪುವುದಿಲ್ಲ. ನಿಮ್ಮ ಅಟ್ಟದ 35ರಲ್ಲಿ ಈ ಶರತ್ತುಗಳಲ್ಲಿ ಒಂದೂ ಪೂರೈಸುವುದಿಲ್ಲ. ಹಿತ್ತಾಳೆಯೊಳಗಿನ ಬಿಗಿತವನ್ನು ಕಂಡುಹಿಡಿಯುವ ರಾಸಾಯನಿಕ ಪರೀಕ್ಷೆಗಳು ಲೋಹಶಾಸ್ತ್ರದ ಪ್ರಯೋಗಾಲಯಗಳಲ್ಲಿ ಇವೆ, ಆದರೆ ಪರೀಕ್ಷೆಗೆ ಒಳಗಾದ ತೋಟೆ ಮತ್ತೆ ಬಳಕೆಗೆ ಬರುವುದಿಲ್ಲ, ಆದ್ದರಿಂದ ಅದು ನಿಮಗೆ ಪ್ರಯೋಜನವಿಲ್ಲ.

ಪಕ್ಕದ ವಿಷಯವಾದರೂ ಬೆಳೆ ರಕ್ಷಣೆಯ ಪರವಾನಗಿ ಇರುವ ನಮ್ಮ ಅಡಿಕೆ, ತೆಂಗಿನ ತೋಟದವರಿಗಾಗಿ ಒಂದು ಮಾತು ಸೇರಿಸುತ್ತೇನೆ. 12 ಬೋರಿನ ತೋಟೆ ಕೋವಿಗಳಲ್ಲಿ ಹಳೆಯವುಗಳ ಚೇಂಬರ್ ಹೆಚ್ಚಾಗಿ 65 ಮಿಲಿಮೀಟರ್, ಈಗಿನ ತೋಟೆಗಳು ಹೆಚ್ಚಾಗಿ 70. ಹೊಸ ಕೋವಿಗೆ ಗಿಡ್ಡ ತೋಟೆ ಹಾಕಿದರೆ ತೊಂದರೆ ಕಡಿಮೆ. ಹಳೆಯ ಗಿಡ್ಡ ಚೇಂಬರಿಗೆ ಉದ್ದ ತೋಟೆ ಒಳಗೆ ಹೋಗುತ್ತದೆ, ಹಾರುವಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಆ ಅಪಾಯ ನಿಜವಾದದ್ದು. ಮಳೆಗಾಲದಲ್ಲಿ ಉಬ್ಬಿದ ಕಾಗದದ ತೋಟೆಯನ್ನು ಬಿಸಿಲಿಗಿಟ್ಟು ಒಣಗಿಸಿ ಹಾರಿಸುವ ಅಭ್ಯಾಸವನ್ನೂ ಬಿಡಬೇಕು.

ಕಳುಹಿಸುವ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟವಾಗಿದೆ: ಬೇಡ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಪದದ ಅರ್ಥದೊಳಗೆ ಅದರ ಬಿಡಿಭಾಗಗಳೂ ಸೇರಿವೆ, ಆದ್ದರಿಂದ ಖಾಲಿ ತೋಟೆಯನ್ನು ಗುಜರಿ ಹಿತ್ತಾಳೆ ಎಂದು ನೀವಾಗಿಯೇ ತೀರ್ಮಾನಿಸುವುದು ಸರಿಯಲ್ಲ. ಅದೇ ಕಾಯ್ದೆಯ 10ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಇವುಗಳನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಪಾರ್ಸೆಲ್‌ನಲ್ಲಿ ಹಾಕಬೇಡಿ, ಊರಿಗೆ ಬಂದ ಅಣ್ಣ ಬಟ್ಟೆಗಳ ನಡುವೆ ನಾಲ್ಕು ಖಾಲಿ ತೋಟೆ ಇಟ್ಟುಕೊಂಡು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗುವುದೂ ಬೇಡ. ಎಕ್ಸ್‌ರೇ ಯಂತ್ರದ ಪರದೆಯಲ್ಲಿ ತೋಟೆಯ ಆಕಾರ ಕಂಡರೆ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ, ಮುಂದಿನದು ಪೊಲೀಸ್ ಠಾಣೆ ಮತ್ತು ವಕೀಲರು.

ಅಜ್ಜನ ಪರವಾನಗಿ ಅವರೊಂದಿಗೆ ಮುಗಿದಿರುವುದರಿಂದ, ತುಂಬಿದ 11 ತೋಟೆಗಳನ್ನು ಮನೆಯಲ್ಲಿಟ್ಟುಕೊಳ್ಳಲು ನಿಮಗೆ ಹಕ್ಕಿಲ್ಲ. ಕಾಯ್ದೆಯ 21ನೇ ಕಲಂ ಇಂಥ ಸಂದರ್ಭಕ್ಕೆಂದೇ ಇದೆ: ಹತ್ತಿರದ ಪೊಲೀಸ್ ಠಾಣೆಗಾಗಲಿ, ಪರವಾನಗಿ ಇರುವ ಡೀಲರಿಗಾಗಲಿ ಅವುಗಳನ್ನು ಒಪ್ಪಿಸಬೇಕು. ವಿಳಂಬ ಮಾಡಿದಷ್ಟೂ 'ಈಗಷ್ಟೇ ಸಿಕ್ಕಿತು' ಎಂಬ ನಿಮ್ಮ ಸತ್ಯಕ್ಕೆ ಬೆಲೆ ಕಡಿಮೆಯಾಗುತ್ತದೆ. ಎಂದು, ಎಲ್ಲಿ, ಯಾರ ಎದುರು ಪೆಟ್ಟಿಗೆ ಸಿಕ್ಕಿತು, ಒಳಗೆ ಎಷ್ಟಿವೆ ಎಂದು ಬರೆದು, ಅಜ್ಜನ ಹಳೆಯ ಪರವಾನಗಿಯ ಮತ್ತು ರೈಫಲ್ ಮಾರಿದ ಕಾಗದದ ಪ್ರತಿ ಇದ್ದರೆ ಲಗತ್ತಿಸಿ ಠಾಣೆಗೆ ಕೊಡಿ, ಅದರ ಒಂದು ಪ್ರತಿಯನ್ನು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಪೆಟ್ಟಿಗೆಯನ್ನು ನೀವೇ ಬಸ್ಸಿನಲ್ಲೋ ಬೈಕಿನಲ್ಲೋ ಒಯ್ಯಬೇಡಿ, ಅವರೇ ಬಂದು ಒಯ್ಯಲಿ ಎಂದು ಪತ್ರದಲ್ಲೇ ಕೇಳಿಕೊಳ್ಳಿ. ಹಾರಿಸಿದ ಖಾಲಿ ತೋಟೆಗಳ ಸಂಖ್ಯೆಯನ್ನೂ ಅದೇ ಪತ್ರದಲ್ಲಿ ನಮೂದಿಸಿ, ಅಜ್ಜನ ನೆನಪಿಗೆ ಕೆಲವನ್ನು ಇಟ್ಟುಕೊಳ್ಳಲು ಲಿಖಿತ ಅನುಮತಿ ಕೋರಿ.

ಕೊನೆಯದಾಗಿ ಅಮ್ಮನ ಹುಣಸೆಹುಳಿ. ಅದರಿಂದ ಕೇಡಾಗಿಲ್ಲ. ತಿಕ್ಕಿ ಕೂಡಲೇ ನೀರಿನಲ್ಲಿ ತೊಳೆದು ಒರೆಸಿದರೆ ಹುಳಿ ಮೇಲಿನ ಕಿಲುಬನ್ನಷ್ಟೇ ತೆಗೆಯುತ್ತದೆ. ರಾತ್ರಿಯಿಡೀ ನೆನೆಹಾಕಿದರೆ ಮಾತ್ರ ಸತು ಕರಗಿ ಮೈ ಕೆಂಪಾಗುತ್ತದೆ. ಅಂಗಡಿಯ ಪಾಲಿಶ್ ಕೊಳ್ಳುವುದಾದರೆ ಮುಚ್ಚಳ ತೆಗೆದು ಮೂಸಿ ನೋಡಿ, ಮೂಗಿಗೆ ಘಾಟು ಹೊಡೆಯುವ, ಅಮೋನಿಯಾ ಇರುವ ಪಾಲಿಶ್ ಹಿತ್ತಾಳೆಯ ತೋಟೆಗೆ ಸಲ್ಲದು. ಹುಣಸೆಹುಳಿ ತಾಗದ ಉಳಿದ 31 ಖಾಲಿ ತೋಟೆಗಳನ್ನು ತಿಕ್ಕುವ ಮೊದಲು ಪ್ರತಿಯೊಂದರ ಬುಡವನ್ನು ಹಗಲು ಬೆಳಕಿನಲ್ಲಿ ನೋಡಿ: ಕೇಪಿನ ನಡುವೆ ಸೂಜಿ ಬಡಿದ ಗುಳಿ ಇಲ್ಲದ್ದು ಒಂದಾದರೂ ಕಂಡರೆ, ಗುಂಡು ಇಲ್ಲದಿದ್ದರೂ ಅದರ ಕೇಪು ಇನ್ನೂ ಜೀವಂತವಾಗಿರಬಹುದು, ಅದನ್ನು ತಿಕ್ಕದೆ ಆ 11ರ ಜೊತೆಗೇ ಇಡಿ. ಅನುಮತಿ ಸಿಕ್ಕಿ ಉಳಿಸಿಕೊಂಡವುಗಳನ್ನು ಒಣ ಬಟ್ಟೆಯಲ್ಲಿ ಸುತ್ತಿ ಗಾಜಿನ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಪಡಸಾಲೆಯಲ್ಲಿಡಿ. ಹಟ್ಟಿಯ ಮೇಲಿನ ಅಟ್ಟಕ್ಕೆ ಮತ್ತೆ ಹತ್ತಿಸಬೇಡಿ.